ಟೆರ್ರಾ ಮತ್ತು ಹುತ್ತದ ಮಣ್ಣು

ನರಸಿಂಹಪ್ಪ ಮೇಷ್ಟರು ನಿವೃತ್ತರಾಗಿ ಹನ್ನೆರಡು ವರ್ಷವಾಗಿತ್ತು. ಪಾಠ ಮಾತ್ರ ನಿಂತಿರಲಿಲ್ಲ. ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಹೇಳಿಕೊಟ್ಟ ಬಾಯಿ ಅದು. ಸ್ವಂತ ಊರಾದ ಮಂಡಿಕಲ್ಲಿನ ಅರಳಿಕಟ್ಟೆಯ ಮೇಲೆ ಯಾರಾದರೂ ಪಾಪ, ಟ್ರ್ಯಾಕ್ಟರ್ ಕೆಟ್ಟು ನಿಂತಿದೆ ಎಂದು ಗೋಳು ಹೇಳಿಕೊಂಡರೆ ಸಾಕು, ಟ್ರ್ಯಾಕ್ಟರ್ ಎಂಬ ಪದ ಲ್ಯಾಟಿನ್ನಿನ ಯಾವ ಬೇರಿನಿಂದ ಚಿಗುರಿತು, ಅದೇ ಬೇರಿನಿಂದ ಮತ್ತೇನೇನು ಹುಟ್ಟಿತು ಎಂದು ಶುರುವಾಗುತ್ತಿತ್ತು. ಮೆಕ್ಯಾನಿಕ್ ಬರುವವರೆಗೆ ಕೇಳಿಸಿಕೊಳ್ಳುವುದೊಂದೇ ದಾರಿ. ಊರಿಗೆ ಅವರನ್ನು ಕಂಡರೆ ಪ್ರೀತಿಯೇ. ಅವಸರವಿದ್ದ ದಿನ ಮಾತ್ರ ಜನ ಕಟ್ಟೆಯ ಹಿಂದಿನ ಓಣಿಯಿಂದ ಹೋಗುತ್ತಿದ್ದರು.

ಆ ಪದಗಳನ್ನೆಲ್ಲ ಕೂಡಿಸಿ ಅವರೀಗ ಒಂದು ಪುಸ್ತಕ ಮಾಡಿಸಿದ್ದರು. ಮೊಮ್ಮಗಳು ಹರಿತಾಳ ಮದುವೆಗೆ ಬಂದವರಿಗೆ ತಾಂಬೂಲದ ಜೊತೆ ಸ್ಟೀಲ್ ಡಬ್ಬಿ ಕೊಡೋಣವೆಂದು ಸೊಸೆ ಕವಿತ ಹೇಳಿದಾಗ ಮೇಷ್ಟರು ಒಪ್ಪಲಿಲ್ಲ. "ಡಬ್ಬಿ ಕೊಟ್ರೆ ಮುಚ್ಚಳ ಕಳೆದುಹೋಗುತ್ತಮ್ಮ. ಪುಸ್ತಕ ಕೊಡಣ," ಎಂದರು. ಚಿಕ್ಕಬಳ್ಳಾಪುರದಲ್ಲಿ ಪ್ರೆಸ್ ಇಟ್ಟಿರುವ ಹಳೆಯ ಶಿಷ್ಯ ಸುನೀಲ್‌ಕುಮಾರ್ ಮುನ್ನೂರು ಪ್ರತಿ ಅಚ್ಚು ಹಾಕಿ ಆಟೋದಲ್ಲಿ ತಂದಿಳಿಸಿದ. ಮೂವತ್ತೆರಡು ಪುಟದ ಪುಟ್ಟ ಪುಸ್ತಕ. ಮೇಲೆ ವಧೂವರರ ಹೆಸರು, ಒಳಗೆ ಇಂಗ್ಲಿಷ್ ಪದಗಳ ವಂಶಾವಳಿ.

ಅದರ ಹದಿನಾಲ್ಕನೆಯ ಪುಟ ಮೇಷ್ಟರ ಮುದ್ದಿನ ಪುಟ. ಅಲ್ಲಿದ್ದದ್ದು 'ಟೆರ್ರಾ'. ಲ್ಯಾಟಿನ್ನಿನಲ್ಲಿ ಭೂಮಿ ಎಂದರ್ಥ. ಅದನ್ನು ಅವರು ಹೆಂಡತಿ ಅಕ್ಕಯ್ಯಮ್ಮನಿಗೆ ಜಗಲಿಯ ಮೇಲೆ ಕೂರಿಸಿಕೊಂಡು ಓದಿ ಹೇಳಿದರು. ಅಕ್ಕಯ್ಯಮ್ಮನಿಗೆ ಆ ವಾರವಷ್ಟೇ ಎಡಗಣ್ಣಿನ ಪೊರೆ ತೆಗೆಸಿದ್ದರು, ಬಲಗಣ್ಣಿಗೂ ಪೊರೆ ಕವಿದಿತ್ತು. ಕಪ್ಪು ಕನ್ನಡಕ ಹಾಕಿಕೊಂಡು, ಬಗ್ಗಬಾರದು, ಧೂಳಿಗೆ ಹೋಗಬಾರದು, ಒಲೆಯ ಮುಂದೆ ಕೂರಬಾರದು ಎಂಬ ಡಾಕ್ಟರ ಅಪ್ಪಣೆಗೆ ಸಿಕ್ಕಿ ಚಡಪಡಿಸುತ್ತಿದ್ದರು. ತಪ್ಪಿಸಿಕೊಂಡು ಹೋಗುವಂತಿರಲಿಲ್ಲವಾದ್ದರಿಂದ ಕೇಳಿದರು.

"ಟೆರಿಟರಿ ಅಂದ್ರೆ ಒಬ್ಬನ ಹಿಡಿತದಲ್ಲಿರೋ ಸೀಮೆ. ಟೆರೇನ್ ಅಂದ್ರೆ ನೆಲದ ಏರುತಗ್ಗು. ಮಣ್ಣು ಸುಟ್ಟು ಮಾಡಿದ ಗೊಂಬೆ ಟೆರಾಕೋಟಾ. ನೆಲ ಬಗೆದು ಬಿಲದೊಳಗಿನ ಪ್ರಾಣಿ ಹಿಡಿಯೋ ನಾಯಿ ಟೆರಿಯರ್. ಸತ್ತೋರನ್ನ ಹೂಳೋದಕ್ಕೂ ಇಂಟರ್ ಅಂತ ಅದೇ ಬೇರಿನ ಪದ ಐತೆ, ನಾವು ಮಣ್ಣು ಮಾಡೋದು ಅನ್ನಲ್ವಾ, ಹಂಗೆ. ಕೊನೆಗೆ ಮನೆ ಮೇಲಿನ ಟೆರೇಸು, ನಮ್ಮ ತಾರಸಿ, ಅದೂ ಟೆರ್ರಾ ಮನೆತನದ್ದೇ ಕಣೇ. ಮಣ್ಣು ಏರಿಸಿ ಮಾಡಿದ ದಿಬ್ಬದ ಹೆಸರು ಹೋಗಿ ಮನೆ ನೆತ್ತಿ ಮೇಲೆ ಕೂತ್ಕೊಂಡ್ತು."

ಆಮೇಲೆ ದನಿ ಏರಿಸಿ ಪುಟದ ಕಡೆಯ ಸಾಲು ಓದಿದರು: "ಮಣ್ಣು, ನೆಲ, ಹೊಲ, ಸೀಮೆ, ಲೋಕ ಎಲ್ಲವನ್ನೂ ಒಂದೇ ಹಿಡಿಯಲ್ಲಿ ಹಿಡಿದ ಇಂಥ ಪದ ನಮ್ಮಲ್ಲಿಲ್ಲ. ಇದು ನಮ್ಮ ಭಾಷೆಯ ಬಡತನ."

ಅಕ್ಕಯ್ಯಮ್ಮ ಕನ್ನಡಕ ಸರಿಪಡಿಸಿಕೊಂಡರು. "ನಮ್ಮತ್ತೆ ಒಂದೇ ಪಾತ್ರೇಲಿ ಸಾರು, ಪಾಯಸ, ಕಾಫಿ ಮೂರೂ ಮಾಡ್ತಿದ್ರು ಅಂದಂಗಾಯ್ತು. ಅದು ಸಿರಿತನಾನಾ ಮೇಷ್ಟ್ರೇ?"

"ನಿಂಗೆ ಭಾಷಾಶಾಸ್ತ್ರ ಅರ್ಥ ಆಗಲ್ಲ."

"ಆಗಲ್ಲ ಬಿಡಿ. ನಂಗೆ ಮಣ್ಣು ಅರ್ಥ ಆಗ್ತದೆ."

ಇದು ಬಡಾಯಿಯಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಅಕ್ಕಯ್ಯಮ್ಮ ಹೊಲ ನೋಡಲು ಹೋದರೆ ಮೊದಲು ಒಂದು ಚಿಟಿಕೆ ಮಣ್ಣನ್ನು ನಾಲಿಗೆಯ ತುದಿಗೆ ಇಟ್ಟುಕೊಳ್ಳುತ್ತಿದ್ದರು. ಯಾವುದಕ್ಕೆ ಗೊಬ್ಬರ ಬೇಕು, ಯಾವುದಕ್ಕೆ ಕೆರೆಯ ಹೂಳು, ಅಂದರೆ ಕೆರೆಗೋಡು, ಹೊಡೆಸಬೇಕು, ಯಾವುದರಲ್ಲಿ ಅವರೆ ಚೆನ್ನಾಗಿ ಬರುತ್ತದೆ ಎಂದು ಅಲ್ಲೇ ಹೇಳುತ್ತಿದ್ದರು. ಮೇಷ್ಟರು ಸಂಬಳ ತರುತ್ತಿದ್ದರು, ನಾಲ್ಕೂವರೆ ಎಕರೆ ನಡೆಸಿದ್ದು ಅಕ್ಕಯ್ಯಮ್ಮನೇ. ಹೆಂಡತಿ ಮಣ್ಣು ನೆಕ್ಕುವುದನ್ನು ಕಂಡಾಗಲೆಲ್ಲ ಮೇಷ್ಟರು ಮುಖ ಹಿಂಡಿ, ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ಕೈ ತೊಳೆದುಕೋ ಎನ್ನುತ್ತಿದ್ದರು.

ಈಗ ಆ ಮನೆಯ ಪದ್ಧತಿಯೊಂದನ್ನು ಹೇಳಬೇಕು. ಅವರಲ್ಲಿ ಮದುವೆಯ ಚಪ್ಪರಕ್ಕೆ ಒಂಬತ್ತು ದಿನ ಮುಂಚೆ ಹುತ್ತದ ಮಣ್ಣು ತರುತ್ತಾರೆ. ತರಬೇಕಾದವನು ಮನೆಯ ಹಿರಿಯ ಗಂಡಸು. ಹುತ್ತಕ್ಕೆ ಹಾಲೆರೆದು, ಅರಿಸಿನ ಕುಂಕುಮವಿಟ್ಟು, ಬುಡದಲ್ಲಿ ಗುದ್ದಲಿ ಹಾಕಿ, ಮಂಕರಿಗೆ ಮಣ್ಣು ತುಂಬಿ, ಮೇಲೆ ಅರಿಸಿನದ ಬಟ್ಟೆ ಮುಚ್ಚಿ, ದಾರಿಯಲ್ಲಿ ಯಾರೊಂದಿಗೂ ಮಾತಾಡದೆ ಹೊತ್ತು ತರಬೇಕು. ಅದನ್ನು ಐದು ಮಣ್ಣಿನ ಬಟ್ಟಲಿಗೆ ತುಂಬಿ ಹೆಂಗಸರು ನವಧಾನ್ಯ ಬಿತ್ತುತ್ತಾರೆ. ಮದುವೆಯ ಹೆಣ್ಣು ದಿನಾ ಬೆಳಿಗ್ಗೆ ಹಾಲು ಬೆರೆತ ನೀರು ಚಿಮುಕಿಸುತ್ತಾಳೆ. ಚಪ್ಪರದ ದಿನ ಗಂಡಿನ ಕಡೆಯ ಹಿರಿಯ ಹೆಂಗಸು ಬಂದು ಆ ಪೈರು ನೋಡಿ, ಆಮೇಲೆ ಹೆಣ್ಣಿಗೆ ಹೂ ಮುಡಿಸುತ್ತಾಳೆ.

ಬೇರೆ ಹುಡುಗಿಯಾಗಿದ್ದರೆ ಇದನ್ನು ಯಾರೂ ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲವೇನೋ. ಆದರೆ ಹರಿತಾಗೆ ಎರಡು ವರ್ಷದ ಹಿಂದೆ ಶಿಡ್ಲಘಟ್ಟದ ಕಡೆಯ ಸಂಬಂಧವೊಂದು ನಿಶ್ಚಿತಾರ್ಥವಾಗಿ ಮುರಿದಿತ್ತು. ಆ ದಿನ ಆರತಿಯ ದೀಪ ಆರಿತ್ತು, ಈ ಹೆಣ್ಣು ಬರುವುದು ಮನೆಗೆ ಒಳ್ಳೆಯದಲ್ಲ ಎಂದು ಗಂಡಿನ ಕಡೆಯವರು ಹೇಳಿ ಕಳಿಸಿದ್ದರು. ಫ್ಯಾನ್ ಹಾಕಿದ್ದಕ್ಕೆ ದೀಪ ಆರಿದ್ದು ಎಲ್ಲರಿಗೂ ಗೊತ್ತಿತ್ತು. ಚಿಕ್ಕಬಳ್ಳಾಪುರದ ಪಿಯು ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುವ ಹುಡುಗಿ, ಇಂಥದ್ದೆಲ್ಲ ನಂಬುವವಳಲ್ಲ. ಆದರೂ ಆಗ ಎರಡು ದಿನ ಊಟ ಬಿಟ್ಟು ಕೋಣೆಯಲ್ಲಿ ಕೂತಿದ್ದಳು. ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಮೇಷ್ಟರೂ ಎರಡು ದಿನ ಕೂತಿದ್ದರು. ಈಗ ಬಂದಿದ್ದ ಚಿಂತಾಮಣಿಯ ಹುಡುಗ ಮುರಳಿಮೋಹನ್ ಒಳ್ಳೆಯವನು, ಅವನ ಮನೆಯವರೂ ಒಳ್ಳೆಯವರು. ಅವನ ಅಜ್ಜಿ ಪೆದ್ದಮ್ಮ ಮಾತ್ರ ಶಾಸ್ತ್ರದಲ್ಲಿ ಕೂದಲಷ್ಟೂ ಬಿಡುವವರಲ್ಲ, ಬಂದ ಕೂಡಲೇ ಪೈರಿನ ಬಟ್ಟಲಿಗೇ ಹೋಗುತ್ತಾರೆ ಎಂದು ಮೊದಲೇ ಸುದ್ದಿ ಮುಟ್ಟಿತ್ತು.

ಮಣ್ಣು ತರುವ ದಿನ ಬೆಳಿಗ್ಗೆ ಮೇಷ್ಟರು ಶಲ್ಯ ಹೊದ್ದು, ಮಂಕರಿ ಗುದ್ದಲಿ ಹಿಡಿದು, ಒಂದು ಚೊಂಬು ಹಾಲಿನೊಂದಿಗೆ ಹೊಲದ ಕಡೆ ಹೊರಟರು. ಬೇರೆ ಕಾಲದಲ್ಲಾಗಿದ್ದರೆ ಅಕ್ಕಯ್ಯಮ್ಮ ಜೊತೆಗೆ ಬರುತ್ತಿದ್ದರು. ಮೇ ತಿಂಗಳ ಧೂಳಿಗೆ ಹೆದರಿ ಸೊಸೆ ಬಿಡಲಿಲ್ಲ.

ಹುತ್ತ ಇದ್ದದ್ದು ಹೊಲದ ಕೊನೆಯ ಹೊಂಗೆಮರದ ಬುಡದಲ್ಲಿ. ಮೇಷ್ಟರು ಹತ್ತು ಮಾರು ದೂರದಲ್ಲೇ ನಿಂತರು. ಹುತ್ತದ ಬಾಯಲ್ಲಿ ಹಾವು ಕಳಚಿದ ಪೊರೆಯೊಂದು ಗಾಳಿಗೆ ಅಲ್ಲಾಡುತ್ತಿತ್ತು. ಮೇಷ್ಟರಿಗೆ ಹಾವೆಂದರೆ ಪ್ರಾಣ ಹೋಗುವಷ್ಟು ಭಯ. ಇದನ್ನು ಅವರು ಅರವತ್ತು ವರ್ಷದಿಂದ ಜಗತ್ತಿಗೆ ಗೊತ್ತಾಗದಂತೆ ಕಾಪಾಡಿಕೊಂಡು ಬಂದಿದ್ದರು. ಒಂದು ಹೆಜ್ಜೆ ಮುಂದಿಟ್ಟರು, ಎರಡು ಹೆಜ್ಜೆ ಹಿಂದಿಟ್ಟರು. ಕೊನೆಗೆ ಚೊಂಬಿನ ಹಾಲನ್ನು ನಿಂತಲ್ಲಿಂದಲೇ ಹುತ್ತದ ದಿಕ್ಕಿಗೆ ಎರಚಿ, ಕೈಮುಗಿದು, ಖಾಲಿ ಮಂಕರಿ ಹೊತ್ತು ವಾಪಸಾದರು.

ಮನೆಯ ಹಿಂದೆ, ದನದ ಕೊಟ್ಟಿಗೆಯ ಪಕ್ಕದಲ್ಲಿ ಒಂದು ಗುಡ್ಡೆ ಮಣ್ಣಿತ್ತು. ಮನೆಯ ಮುಂಭಾಗಕ್ಕೆ ಮಗ ರಮೇಶ್‌ಬಾಬು ಆರ್‌ಸಿಸಿ ಹಾಕಿಸಿದ್ದ. ಕೊಟ್ಟಿಗೆಗೂ ಹಿಂದಿನ ಉಗ್ರಾಣಕ್ಕೂ ಇನ್ನೂ ಹಳೆಯ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಅದರ ಮೇಲೆ ಹೊಸ ಮಣ್ಣು ಹರಡಿ ತುಳಿಯಬೇಕು, ಇಲ್ಲದಿದ್ದರೆ ಸೋರುತ್ತದೆ. ಅದಕ್ಕೆಂದೇ ತರಿಸಿದ್ದ ಮಣ್ಣು ಅದು. ಮೇಷ್ಟರು ಅದರ ಮುಂದೆ ಸ್ವಲ್ಪ ಹೊತ್ತು ನಿಂತರು. ಹುತ್ತವಾದರೂ ಮಣ್ಣು, ಇದಾದರೂ ಮಣ್ಣು. ಲ್ಯಾಟಿನ್ನಿನವರು ಎರಡಕ್ಕೂ ಟೆರ್ರಾ ಎನ್ನುತ್ತಿದ್ದರು, ಅವರೇನು ದಡ್ಡರೇ? ಹೆದರಿದವನಿಗೆ ವಿದ್ಯೆ ಎಷ್ಟು ಬೇಗ ಕೆಲಸಕ್ಕೆ ಬರುತ್ತದೆ ನೋಡಿ. ಮಂಕರಿ ತುಂಬಿಕೊಂಡು, ಅರಿಸಿನದ ಬಟ್ಟೆ ಮುಚ್ಚಿ, ಊರನ್ನು ಒಂದು ಸುತ್ತು ಬಳಸಿ ಮುಂಬಾಗಿಲಿಂದ ಬಂದರು. ಮಾತಾಡಬಾರದೆಂಬ ನಿಯಮ ಅಂದು ಅವರಿಗೆ ದೊಡ್ಡ ಉಪಕಾರ ಮಾಡಿತು.

ಬಟ್ಟಲಿಗೆ ತುಂಬುವಾಗ ಕವಿತ ಒಂದು ಮಾತು ಕೇಳಿದಳು. "ಏನ್ ಮಾವ, ಬೆಳ್ಳಗೆ ಹಿಟ್ಟಿನ ತರ ಇದೆ? ನಮ್ಮ ಹೊಲದ್ದು ಕೆಂಪಲ್ವಾ?"

"ಬಿಸಿಲಿಗೆ ಒಣಗಿದೆಯಮ್ಮ," ಎಂದರು ಮೇಷ್ಟರು, ಮತ್ತು ಅಲ್ಲಿ ನಿಲ್ಲಲಿಲ್ಲ. ಅಕ್ಕಯ್ಯಮ್ಮ ಧೂಳು ತಾಗದಂತೆ ನಡುಮನೆಯಲ್ಲಿ ಕೂತಿದ್ದರು. ಅವರ ಕಡೆ ನೋಡಲು ಮೇಷ್ಟರಿಗೆ ಧೈರ್ಯ ಬರಲಿಲ್ಲ.

ಎರಡನೆಯ ದಿನ ಏನೂ ಕಾಣಲಿಲ್ಲ. ಹೆಸರುಕಾಳು ಕೂಡ ಒಂದು ದಿನ ತಡ ಮಾಡುವುದುಂಟು. ಮೂರನೆಯ ದಿನವೂ ಇಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಮೇಷ್ಟರು ದೇವರ ಮನೆಯ ಮುಂದೆ ಹಾದುಹೋಗುವಾಗ ಹರಿತಾ ಬಟ್ಟಲುಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಉಗುರಿನಿಂದ ಮಣ್ಣನ್ನು ಸ್ವಲ್ಪವೇ ಕೆದಕಿ, ಒಂದು ಅಲಸಂದೆ ಕಾಳು ತೆಗೆದು ನೋಡಿ, ಮತ್ತೆ ಮುಚ್ಚುತ್ತಿದ್ದಳು. ಕಾಳು ಹಾಕಿದ ಹಾಗೇ ಇತ್ತು.

"ತಾತ, ಅಮ್ಮಂಗೆ ಹೇಳ್ಬೇಡ," ಎಂದಳು. "ನಂಗೇನಿಲ್ಲ. ಇದೆಲ್ಲಾ ಸುಮ್ನೆ. ಆದ್ರೆ ಅವರಜ್ಜಿ ಬಂದು ನೋಡಿದ್ರೆ ಏನಂದ್ಕೊಳ್ತಾರೆ ಅಂತ." ಬಟ್ಟಲನ್ನು ಮತ್ತೆ ಸಾಲಿಗೆ ಸರಿಸಿ, "ನನ್ನ ಕೈ ನೀರೇ ಸರಿಯಿಲ್ವೇನೋ ತಾತ," ಎಂದಳು.

ಲೆಕ್ಕದ ಮೇಡಮ್ಮಿನ ಬಾಯಲ್ಲಿ ಆ ಮಾತು ಕೇಳಿ ಮೇಷ್ಟರು ಅಲ್ಲೇ ನಿಂತರು. ತನ್ನ ಕೈಯಲ್ಲಿ ಬೆಳೆದ ಕೂಸು, ಮಾಡದ ತಪ್ಪಿಗೆ ತನ್ನನ್ನೇ ಅನುಮಾನಿಸಿಕೊಳ್ಳುತ್ತಿದೆ. ಎಲ್ಲ ತನ್ನ ಹೇಡಿತನದಿಂದ. ಹೇಳಿಬಿಡಬೇಕೆಂದು ಬಾಯಿ ತೆರೆದರು. ಹಾಗೇ ಮುಚ್ಚಿಕೊಂಡು ಜಗಲಿಗೆ ಹೋದರು.

ಅಂದು ಮನೆಯವರೆಲ್ಲ ಸೀರೆ ತರಲು ಚಿಕ್ಕಬಳ್ಳಾಪುರಕ್ಕೆ ಹೋದರು. ಮನೆಯಲ್ಲಿ ಉಳಿದವರು ಗಂಡಹೆಂಡತಿ ಇಬ್ಬರೇ. ಕಾರು ತಿರುವು ದಾಟಿದ್ದೇ ತಡ, ಅಕ್ಕಯ್ಯಮ್ಮ ಕರೆದರು. "ರೀ, ಒಂದು ಬಟ್ಟಲು ಇಲ್ಲಿಗೆ ತನ್ನಿ."

ಮೇಷ್ಟರು ತಂದರು. ಅಕ್ಕಯ್ಯಮ್ಮ ತಡವರಿಸಿ ಒಂದು ಚಿಟಿಕೆ ತೆಗೆದು ನಾಲಿಗೆಯ ತುದಿಗಿಟ್ಟುಕೊಂಡರು. ಬಾಯಿ ಚಪ್ಪರಿಸಿದರು. ಮೇಷ್ಟರು ಫಲಿತಾಂಶಕ್ಕೆ ಕಾಯುವ ಹುಡುಗನ ಹಾಗೆ ನಿಂತಿದ್ದರು.

"ಇದು ಚೌಡು ಮಣ್ಣು. ಮಾಳಿಗೆಗೆ ತರಿಸಿದ್ದು."

"ಹೌದು."

"ಉಪ್ಪು ಮಣ್ಣು ಕಣ್ರೀ ಇದು. ಹುಲ್ಲು ಹುಟ್ಟಬಾರದು, ನೀರು ಇಳೀಬಾರದು ಅಂತಾನೇ ಇದನ್ನ ಮಾಳಿಗೆ ಮೇಲೆ ಹಾಕೋದು. ಇದರಲ್ಲಿ ಕಾಳು ಹಾಕಿದ್ರೆ ಕಾಳೇ ಒಣಗ್ತದೆ."

"ನಂಗೆ ಗೊತ್ತಿರಲಿಲ್ಲ ಅಕ್ಕಯ್ಯ. ಮಣ್ಣು ಮಣ್ಣೇ ಅಂದ್ಕೊಂಡೆ." ಮೇಷ್ಟರು ಅವರ ಕಾಲ ಬಳಿ ಕೂತುಬಿಟ್ಟರು. "ಹುತ್ತದವರೆಗೂ ಹೋಗಿದ್ದೆ. ಅಲ್ಲಿ..."

"ಹಾವಿತ್ತಾ?"

"ಬರೀ ಪೊರೆ."

ಅಕ್ಕಯ್ಯಮ್ಮ ನಕ್ಕರು. ನಗು ಬರಬಾರದೆಂದು ತಡೆದುಕೊಂಡು ಸೋತು ನಕ್ಕರು. "ನೀವು ಹಾವಿಗೆ ಹೆದರ್ತೀರಾ ಅಂತ ನಂಗೆ ಮದುವೆಯಾದ ವರ್ಷಾನೇ ಗೊತ್ತು. ಹಿತ್ತಲಲ್ಲಿ ಹಗ್ಗ ಬಿದ್ದಿದ್ದಕ್ಕೆ ನೀವು ಒರಳಕಲ್ಲು ಹತ್ತಿ ನಿಂತ್ಕೊಂಡು, ಮೇಲಿಂದ ಸೂರ್ಯೋದಯ ಚೆನ್ನಾಗಿ ಕಾಣ್ತದೆ ಅಂದಿದ್ರಿ. ಅವತ್ತಿಂದ ನಾನೇ ತಾನೆ ಹೊಲಕ್ಕೆ ಮುಂದೆ ನಡೀತಿರೋದು?"

ಮೇಷ್ಟರು ತಲೆ ಎತ್ತಿದರು. ನಲವತ್ತೇಳು ವರ್ಷ ಹೆಂಡತಿ ಮುಂದೆ ನಡೆದಾಗಲೆಲ್ಲ ಇವಳಿಗೆ ಹೊಲದ ಮೇಲೆ ಅದೆಂಥ ಅವಸರ ಎಂದುಕೊಂಡಿದ್ದರು. ಅವರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆಂಡತಿಯ ಮೇಲೆ ತಡೆಯಲಾರದಷ್ಟು ಪ್ರೀತಿ ಬಂತು.

"ಏಳಿ," ಎಂದರು ಅಕ್ಕಯ್ಯಮ್ಮ. "ಇನ್ನೂ ಐದು ದಿನ ಐತೆ. ಹೋಗಣ."

"ನಿನ್ನ ಕಣ್ಣು?"

"ಕಣ್ಣು ಮುಚ್ಕೊಂಡೇ ಬರ್ತೀನಿ. ದಾರಿ ನಂಗೆ ಕಾಲಿಗೆ ಗೊತ್ತು."

ಹಾಗೆ ಅವರು ಹೊರಟರು. ಅಕ್ಕಯ್ಯಮ್ಮ ತಲೆಗೂ ಮುಖಕ್ಕೂ ಸೆರಗು ಸುತ್ತಿ, ಅದರ ಮೇಲೆ ಕಪ್ಪು ಕನ್ನಡಕ ಹಾಕಿ, ಗಂಡನ ತೋಳು ಹಿಡಿದು ಬರಿಗಾಲಲ್ಲಿ ನಡೆದರು. ಬಿಸಿಲು ಇಳಿಮುಖವಾಗಿತ್ತು. ನಡೆಯುತ್ತ ನಡೆಯುತ್ತ, ಕಾಲ ಕೆಳಗೆ ಬಂದದ್ದನ್ನು ನೋಡದೆಯೇ ಹೇಳುತ್ತ ಹೋದರು. ಇದು ಗರಸು, ನೀರು ನಿಲ್ಲಲ್ಲ, ಹುರುಳಿಗೆ ಸಾಕು. ಇಲ್ಲಿಂದ ಕೆಮ್ಮಣ್ಣು, ರಾಗಿಗೆ ತಾಯಿ ಇದ್ದಂಗೆ. ಇದು ಅವತ್ತು ಕೆರೆಯಿಂದ ಹೊಡೆಸಿದ ಗೋಡು, ಇನ್ನೂ ಮೆತ್ತಗೈತೆ. ಆ ತಗ್ಗಿನಲ್ಲಿ ಜೇಡಿ, ನಮ್ಮತ್ತೆ ಅದರಲ್ಲೇ ಒಲೆ ಹಾಕ್ತಿದ್ರು. ನಾವು ಕೂತು ಉಂಡರೆ ಅದು ನೆಲ, ಉತ್ತರೆ ಹೊಲ, ತಾಲ್ಲೂಕಾಫೀಸಿನಲ್ಲಿ ಬರೆದರೆ ಜಮೀನು, ಕೈಮುಗಿದರೆ ಭೂಮ್ತಾಯಿ.

"ಎಲ್ಲಾನೂ ಒಂದೇ ಹೆಸರಲ್ಲಿ ಕರೆದ್ರೆ ಯಾವುದು ಓಗೊಡ್ತದೆ ಹೇಳಿ?" ಎಂದು ಕೇಳಿದರು.

ಮೇಷ್ಟರು ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು ತಾವೂ ಬರಿಗಾಲಲ್ಲಿ ನಡೆದರು.

ಹುತ್ತದ ಹತ್ತಿರ ಬಂದಾಗ ಅಕ್ಕಯ್ಯಮ್ಮ ಕಾಲಿನಿಂದ ಮೂರು ಸಲ ನೆಲ ಗುದ್ದಿದರು. "ಇದ್ರೆ ಹೋಗ್ತದೆ ಪಾಪ, ಅದಕ್ಕೂ ನಿಮ್ಮ ಭಯ ಐತೆ," ಎಂದರು. ಮೇಷ್ಟರು ಹಾಲೆರೆದರು, ಕುಂಕುಮವಿಟ್ಟರು. ಗುದ್ದಲಿ ಹಾಕಿದರು. ಹೆಂಡತಿಯ ಕೈ ಅವರ ಬೆನ್ನ ಮೇಲಿತ್ತು, ಪೂರ್ತಿ ಹೊತ್ತೂ ಅಲ್ಲೇ ಇತ್ತು. ಬುಡದ ಮಣ್ಣು ಬೆಲ್ಲದ ಪುಡಿಯ ಹಾಗೆ ಕೆಂಪಗೆ ಉದುರಿತು. "ಈಗ ನಾಲಿಗೆಗೆ ಇಟ್ಕೊಳ್ಳಿ," ಎಂದರು ಅಕ್ಕಯ್ಯಮ್ಮ. ಮೇಷ್ಟರು ಅತ್ತಿತ್ತ ನೋಡಿ ಒಂದು ಚಿಟಿಕೆ ಇಟ್ಟುಕೊಂಡರು. ಉಪ್ಪಿರಲಿಲ್ಲ. ತಣ್ಣಗೆ, ಮೊದಲ ಮಳೆ ಬಿದ್ದಾಗ ಬರುವ ವಾಸನೆಯೇ ರುಚಿಯಾದ ಹಾಗಿತ್ತು. ಹಾಗಂತ ಹೇಳಿದರು. ಅಕ್ಕಯ್ಯಮ್ಮ, ಪಾಸು, ಎಂದರು.

ಸಂಜೆ ಎಲ್ಲರೂ ಸೀರೆ ಹಿಡಿದು ಬರುವಷ್ಟರಲ್ಲಿ ಐದು ಬಟ್ಟಲೂ ತೊಳೆದು, ಹೊಸ ಮಣ್ಣು ತುಂಬಿ, ಉಗ್ರಾಣದ ಕಾಳು ಬಿತ್ತಿಯಾಗಿತ್ತು. ಅಕ್ಕಯ್ಯಮ್ಮ ಗಂಡನಿಂದ ಮಾತು ತೆಗೆದುಕೊಂಡರು: ಇದು ನಮ್ಮಿಬ್ಬರಲ್ಲೇ ಇರಲಿ, ಮದುವೆ ಮನೆಯಲ್ಲಿ ನಿಮ್ಮನ್ನು ಯಾರೂ ಆಡಿಕೊಳ್ಳುವುದು ಬೇಡ. ಮಣ್ಣು ಕೆಂಪಾದದ್ದೇಕೆಂದು ಕೇಳಿದ ಹರಿತಾಗೆ, ನೀರು ಕುಡಿದು ಬಣ್ಣ ತಿರುಗಿದೆ ಎಂದು ಮೇಷ್ಟರೇ ಹೇಳಿದರು. ಅಲ್ಲಿಂದ ಮೂರನೆಯ ದಿನ ಹೆಸರುಕಾಳು ಕತ್ತು ಎತ್ತಿತು. ಹರಿತಾ ಓಡಿಬಂದು ತಾತನನ್ನು ತಬ್ಬಿಕೊಂಡು, ನನ್ನ ಕೈ ನೀರು ಸರಿಯಾಗೇ ಇದೆ ಎಂದಳು. ಮೇಷ್ಟರಿಗೆ ಸಂತೋಷಕ್ಕಿಂತ ಹೆಚ್ಚಾಗಿ ತಪ್ಪಿತಸ್ಥನೆಂಬ ಭಾವ ಬಂತು.

ಚಪ್ಪರದ ದಿನ ಮಧ್ಯಾಹ್ನ ಚಿಂತಾಮಣಿಯ ಬೀಗರು ವ್ಯಾನಿನಲ್ಲಿ ಬಂದಿಳಿದರು. ಪೆದ್ದಮ್ಮ ಕುಳ್ಳಗೆ, ಬಿಗಿಯಾಗಿ, ಬಿಳಿ ತುರುಬು ಕಟ್ಟಿದ್ದ ಹೆಂಗಸು. ಪಾನಕ ಕೊಟ್ಟರೆ ಆಮೇಲೆ ಎಂದು ನೇರ ದೇವರ ಮನೆಗೆ ನಡೆದರು. ಹಿಂದೆ ಎರಡೂ ಕಡೆಯ ಹೆಂಗಸರು. ಬಾಗಿಲಲ್ಲಿ ಮೇಷ್ಟರು, ಪಕ್ಕದಲ್ಲಿ ಕನ್ನಡಕದ ಅಕ್ಕಯ್ಯಮ್ಮ, ಬಟ್ಟಲುಗಳ ಬಳಿ ಹರಿತಾ.

ಪೆದ್ದಮ್ಮ ಬಗ್ಗಿ ನೋಡಿದರು. ಬೆರಳಿನ ಗೆಣ್ಣಿನಿಂದ ಪೈರಿನ ಎತ್ತರ ಅಳೆದರು.

"ಏಮ್ಮಾ, ಇದು ಒಂಬತ್ತು ದಿನದ ಪೈರಲ್ಲ. ನಾಲ್ಕು, ಹೆಚ್ಚು ಅಂದ್ರೆ ಐದು ದಿನದ್ದು. ಮೊದಲು ಬಿತ್ತಿದ್ದು ಏನಾಯ್ತು?"

ಹರಿತಾ ಬಟ್ಟಲು ನೋಡಿದಳು, ಅಜ್ಜಿಯನ್ನು ನೋಡಿದಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಆದರೆ ಗೊತ್ತಿಲ್ಲವೆಂದರೆ ಯಾರು ನಂಬುತ್ತಾರೆ? ಎರಡು ವರ್ಷದ ಹಿಂದೆ ದೀಪ ಆರಿದಾಗ ಇದ್ದ ಮುಖವೇ ಮತ್ತೆ ಅವಳಿಗೆ ಬಂತು.

"ಬಿಸಿಲು ಜಾಸ್ತಿ ಅಲ್ವಾ ಬೀಗಿತ್ತಿ," ಎಂದರು ಅಕ್ಕಯ್ಯಮ್ಮ. "ಈ ವರ್ಷ ಎಲ್ಲಾ ಕಡೆ ಪೈರು ಗಿಡ್ಡಾನೇ."

ಮೇಷ್ಟರು ಹೆಂಡತಿಯ ಕಡೆ ತಿರುಗಿದರು. ಮಣ್ಣಿನ ವಿಷಯದಲ್ಲಿ ಅಕ್ಕಯ್ಯಮ್ಮ ಹುಟ್ಟಿದಾಗಿನಿಂದ ಒಂದೂ ಸುಳ್ಳು ಹೇಳಿದವರಲ್ಲ. ಸಂತೆಯಲ್ಲಿ, ಹೊಲ ಕೊಳ್ಳುವಲ್ಲಿ, ಅಣ್ಣತಮ್ಮಂದಿರ ಪಾಲಿನಲ್ಲಿ, ಅವರು ಹೇಳಿದ್ದಕ್ಕೆ ಎರಡು ಮಾತಿರಲಿಲ್ಲ. ಆ ಬಾಯಿ ಇವತ್ತು ಇಷ್ಟು ಜನರ ಮುಂದೆ, ಒಬ್ಬ ಹೆದರುಪುಕ್ಕಲ ಮೇಷ್ಟರ ಮಾನ ಉಳಿಸಲು ಮಣ್ಣಿನ ಮೇಲೆ ಸುಳ್ಳಾಡಿತ್ತು. ಅದನ್ನು ಅವರು ಸಹಿಸಲಾರದೆ ಹೋದರು.

"ಬಿಸಿಲಲ್ಲಮ್ಮ," ಎಂದರು. ದನಿ ಕ್ಲಾಸಿನ ಕೊನೆಯ ಬೆಂಚಿಗೆ ಕೇಳುವಷ್ಟು ಇತ್ತು. "ತಪ್ಪು ನಂದು. ಹುತ್ತದ ಮಣ್ಣು ತರಕ್ಕೆ ಹೋಗಿ ಹಾವಿನ ಪೊರೆ ನೋಡಿ ಹೆದರಿ ವಾಪಸ್ ಬಂದೆ. ಮಾಳಿಗೆಗೆ ಇಟ್ಟಿದ್ದ ಚೌಡು ಮಣ್ಣು ತಂದು ಕೊಟ್ಟೆ. ಅದರಲ್ಲಿ ಒಂದು ಕಾಳೂ ಏಳಲಿಲ್ಲ. ನಾಲ್ಕನೇ ದಿನ ಇವಳು ನಾಲಿಗೆಗೆ ಇಟ್ಟು ಕಂಡುಹಿಡಿದ್ಲು. ಕಣ್ಣು ಕಾಣದಿದ್ರೂ ನನ್ನ ಕೈಹಿಡಿದು ಕರ್ಕೊಂಡು ಹೋಗಿ ಸರಿಯಾದ ಮಣ್ಣು ತೆಗೆಸಿದ್ಲು. ಮಗೂಗೆ ಇದ್ಯಾವುದೂ ಗೊತ್ತಿಲ್ಲ. ಏನು ಅನ್ನೋದಿದ್ರೂ ನನ್ನನ್ನ ಅನ್ನಿ."

ಕವಿತ ಸೆರಗನ್ನು ಬಾಯಿಗಿಟ್ಟುಕೊಂಡಳು. ಪೆದ್ದಮ್ಮ ಮೇಷ್ಟರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಬಟ್ಟಲಿನಿಂದ ಒಂದು ಚಿಟಿಕೆ ಮಣ್ಣು ತೆಗೆದು, ಕಣ್ಣು ಮುಚ್ಚಿ, ನಾಲಿಗೆಯ ತುದಿಗಿಟ್ಟುಕೊಂಡರು.

"ಹುತ್ತದ್ದೇ," ಎಂದರು. "ಬುಡದ್ದು."

ನಂತರ ಹರಿತಾಳ ಗಲ್ಲ ಹಿಡಿದು ಮುಖ ಎತ್ತಿದರು. "ಚೌಡಲ್ಲಿ ಹಾಕಿದ್ರೆ ದೇವರ ಕಾಳೂ ಏಳಲ್ಲ ಕಣಮ್ಮ. ಅದಕ್ಕೆ ಬೀಜ ಏನು ಮಾಡ್ತದೆ? ಒಳ್ಳೆ ಮಣ್ಣು ಸಿಕ್ಕಿದ್ದೇ ತಡ ಹೆಂಗೆ ಎದ್ದವ್ವೆ ನೋಡು. ನಮ್ಮನೇಲೂ ಹಂಗೇ ಎದ್ದು ನಿಂತ್ಕೋ." ಮಡಿಲಿನಿಂದ ಮಲ್ಲಿಗೆ ದಂಡೆ ತೆಗೆದು ಅಲ್ಲೇ ಮುಡಿಸಿದರು. ಹರಿತಾ ಅಷ್ಟು ಹೊತ್ತು ತಡೆದಿದ್ದವಳು ಆಗ ಅತ್ತಳು.

ಪೆದ್ದಮ್ಮ ಅಕ್ಕಯ್ಯಮ್ಮನ ಕಡೆ ತಿರುಗಿದರು. "ನೀವೂ ನಾಲಿಗೇಲೇ ನೋಡ್ತೀರಾ? ನಮ್ಮ ಕಡೆ ಈಗ ನಾನೊಬ್ಳೇ. ಸೊಸೇರು ಅಸಹ್ಯ ಪಡ್ತಾರೆ." ಇಬ್ಬರೂ ಪಾನಕದ ಲೋಟ ಹಿಡಿದು ಜಗಲಿಯ ಮೇಲೆ ಕೂತವರು, ಊಟಕ್ಕೆ ಕರೆಯುವವರೆಗೆ ಎದ್ದೇಳಲಿಲ್ಲ. ಮಧ್ಯೆ ಮಧ್ಯೆ ಕನ್ನಡ ತೆಲುಗಾಗುತ್ತಿತ್ತು, ತೆಲುಗು ಕನ್ನಡವಾಗುತ್ತಿತ್ತು. ಮಣ್ಣು ಮಾತ್ರ ಮಣ್ಣಾಗಿಯೇ ಇತ್ತು.

ಸಂಜೆ ಚಪ್ಪರದ ಮೂಲೆಯಲ್ಲಿ ಮೇಷ್ಟರು ಚಾಪೆ ಹಾಸಿ, ಮುನ್ನೂರು ಪುಸ್ತಕ ಪಕ್ಕಕ್ಕಿಟ್ಟುಕೊಂಡು, ಹಳೆಯ ಕೆಂಪು ಪೆನ್ನು ಹಿಡಿದು ಕೂತರು. ಮೂವತ್ತೊಂದು ವರ್ಷ ಮಕ್ಕಳ ನೋಟ್‌ಬುಕ್ಕಿಗೆ ಗೀರು ಹಾಕಿದ ಪೆನ್ನು, ತನ್ನ ಬರಹದ ಮೇಲೆ ಒಂದು ಸಲವೂ ಓಡಿರಲಿಲ್ಲ. ಹರಿತಾ ಮೆಹಂದಿ ಒಣಗಿದ ಕೈಯಲ್ಲಿ ಒಂದೊಂದಾಗಿ ಹದಿನಾಲ್ಕನೆಯ ಪುಟ ತೆರೆದು ಕೊಟ್ಟಳು. ಮೇಷ್ಟರು ಕಡೆಯ ಸಾಲನ್ನು ಹೊಡೆದುಹಾಕಿ ಕೆಳಗೆ ಪುಟ್ಟದಾಗಿ ಬರೆಯುತ್ತ ಹೋದರು.

ಸದ್ದು ಕೇಳಿ ಅಕ್ಕಯ್ಯಮ್ಮ ತಡವರಿಸುತ್ತ ಬಂದು ಪಕ್ಕದಲ್ಲಿ ಕೂತರು. "ಏನು ಗೀಚ್ತಿದ್ದೀರಾ?"

ಹರಿತಾ ಓದಿ ಹೇಳಿದಳು. "'ಬಡತನ ಭಾಷೆಯದಲ್ಲ, ಬರೆದವನದು. ನಮ್ಮಲ್ಲಿ ಒಂದೊಂದು ಮಣ್ಣಿಗೂ ಒಂದೊಂದು ಹೆಸರಿದೆ. ಹೆಚ್ಚು ತಿಳಿಯಬೇಕಾದವರು ಮಂಡಿಕಲ್ಲಿನ ನಮ್ಮ ಮನೆಗೆ ಬಂದು ಶ್ರೀಮತಿ ಅಕ್ಕಯ್ಯಮ್ಮನವರನ್ನು ಕೇಳುವುದು.'"

ಅಕ್ಕಯ್ಯಮ್ಮನ ಕನ್ನಡಕದ ಕೆಳಗಿನಿಂದ ಒಂದು ಹನಿ ಇಳಿಯಿತು. ಕಣ್ಣಿಗೆ ಔಷಧಿ ಹಾಕಿದ್ದು ಅದು ಎಂದರು. ಔಷಧಿ ಹಾಕುವ ಹೊತ್ತು ಇನ್ನೂ ಆಗಿರಲಿಲ್ಲ.

"ಅಲ್ರೀ, ಮುನ್ನೂರು ಜನಾನೂ ಕೇಳಕ್ಕೆ ಬಂದ್ರೆ ಅಷ್ಟು ಕಾಫಿ ಯಾರು ಮಾಡೋದು?"

ಮೇಷ್ಟರು ಪೆನ್ನು ಕೆಳಗಿಟ್ಟು ಹೆಂಡತಿಯ ಕೈ ಹಿಡಿದುಕೊಂಡರು. ಹೊಲದ ದಾರಿಯಲ್ಲಿ ಅವರು ತಮ್ಮ ತೋಳು ಹಿಡಿದಿದ್ದ ಹಾಗೆಯೇ ಹಿಡಿದರು.

"ನಾನೇ ಮಾಡ್ತೀನಿ ಕಣೇ," ಎಂದರು. "ನೀನು ಹೇಳ್ತಾ ಇರು."